ಮುಟ್ಟಿದರೆ ತಂಪು ಹತ್ತಬೇಕು

ಇವತ್ತು ಬೆಳಿಗ್ಗೆ ಎದ್ದು ಅಂಗಳ ಕಸ ಹೊಡೆದೆ, ನೀರು ತುಂಬಿಟ್ಟೆ, ಗಿರಣಿಗೆ ಹೋಗಿ ಜೋಳ ಬೀಸಿಸಿಕೊಂಡು ಬಂದೆ, ಕೌದಿಗಳನ್ನು ಬಿಸಿಲಿಗೆ ಹಾಕಿದೆ. ರಾತ್ರಿ ನೆನೆಹಾಕಿದ್ದ ಮಡಿಕೆಕಾಳನ್ನು ಬಸಿದು ಬುಟ್ಟಿಗೆ ಸುರಿದು, ಮೊಳಕೆ ಒಡೆಯಲೆಂದು ಮೇಲೆ ಒದ್ದೆ ಗೋಣಿಚೀಲ ಮುಚ್ಚಿದೆ. ಗೋಣಿ ಹಿಂಡುವಾಗ ಅದರ ವಾಸನೆ ಮೂಗಿಗೆ ಬಡಿಯಿತು... ಕೈ ಅಲ್ಲಿಯೇ ನಿಂತುಬಿಟ್ಟಿತು. ಮುತ್ಯಾನ ಹಾವಿನ ಬುಟ್ಟಿಯ ವಾಸನೆ ಅದು.

ಎಪ್ಪತ್ತರ ದಶಕದ ನಡುವಿನ ಮಾತು. ಮುದ್ದೇಬಿಹಾಳದ ಕಡೆಯಿಂದ ಸಿಂದಗಿಗೆ ಸೊಸೆಯಾಗಿ ಬಂದು ನನಗೆ ಎರಡನೆಯ ವರ್ಷ. ನಮ್ಮ ಹಿತ್ತಲ ಗೋಡೆಯ ಆಚೆ ಬಯಲಿನಲ್ಲಿ ಹಾವಾಡಿಸುವ ಮುದುಕನೊಬ್ಬ ಗುಡಿಸಲು ಹಾಕಿಕೊಂಡಿದ್ದ. ಓಣಿಯವರೆಲ್ಲ ಅವನನ್ನು ಮುತ್ಯಾ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಹೆಂಡತಿ ತೀರಿಹೋಗಿದ್ದಳು. ಇದ್ದ ಒಬ್ಬ ಮಗಳನ್ನು ಬಾಗೇವಾಡಿಯ ಕಡೆ ಕೊಟ್ಟಿದ್ದ. ಅವನ ಜೊತೆಗಿದ್ದದ್ದು ಒಂದು ನಾಗರಹಾವು ಮಾತ್ರ.

ಆ ಹಾವಿನ ಹಲ್ಲು ಕಿತ್ತಿರಲಿಲ್ಲ. ಹಿಡಿಯುವಾಗ ಹಾವಿಗೆ ಭಾಷೆ ಕೊಡುವುದು ಅವನ ಮನೆತನದ ಪದ್ಧತಿಯಂತೆ. ನಿನ್ನ ಹಲ್ಲು ಮುಟ್ಟುವುದಿಲ್ಲ, ಮೂರು ಪೊರೆ ಬಿಡುವ ತನಕ ನಮ್ಮ ಹೊಟ್ಟೆ ಹೊರೆ, ಮೂರನೆಯದು ಬಿಟ್ಟ ಮೇಲೆ ಹಿಡಿದ ಜಾಗಕ್ಕೇ ಒಯ್ದು ಬಿಡುತ್ತೇನೆ... ಹಾಗೆ. ಈ ಹಾವನ್ನು ಹಿಡಿದದ್ದು ಇಂಡಿಯ ಆಚೆ, ಭೀಮಾ ದಂಡೆಯಲ್ಲಿ. ಎರಡು ಪೊರೆ ಬಿಟ್ಟಾಗಿತ್ತು.

ಆಷಾಢದಲ್ಲಿ ಅದರ ಕಣ್ಣು ಬೆಳ್ಳಗಾದವು, ಮೂರನೆಯ ಪೊರೆ ಬಿಡುವ ಹೊತ್ತು ಬಂದಿತ್ತು. ಅದೇ ಹೊತ್ತಿಗೆ ಬಾಗೇವಾಡಿಯಿಂದ ಸುದ್ದಿ ಬಂತು, ಮಗಳಿಗೆ ಹೆರಿಗೆ ಕಷ್ಟವಾಗಿದೆ ಎಂದು. ಮುತ್ಯಾ ಬುಟ್ಟಿ ಹೊತ್ತು ನಮ್ಮ ಹಿತ್ತಲ ಬಾಗಿಲಿಗೆ ಬಂದ.

"ಯವ್ವಾ, ಪೊರಿ ಬಂದಾಗ ಇದನ್ನ ಬಸ್ಸಿನ್ಯಾಗ ಅಲುಗ್ಯಾಡಿಸಬಾರದು. ಗುಡಿಸಲದಾಗ ಇಟ್ಟರ ಈ ಗಾಳಿ ಎಲ್ಲಾ ಒಣಗಿಸಿ ಬಿಡ್ತೈತಿ. ನಾಕ ದಿನ ನೀ ನೋಡ್ಕೋತಿಯೇನು?"

ನಾನು ಅತ್ತೆಯ ಮುಖ ನೋಡಿದೆ. ಅವರು ದೂರದಿಂದಲೇ ಕೈಮುಗಿದರು. "ನಾಗಪ್ಪ ತಾನಾಗೇ ಮನಿಗಿ ಬಂದಾನ, ಒಲ್ಲೆ ಅನಬಾರದು. ಆದ್ರ ಅಡಗಿಮನಿ ಸನೇಕ ತಂದಿ ಅಂದ್ರ ನಾ ತವರಮನಿಗಿ ಹೋಗ್ತೇನಿ ನೋಡು." ಅರವತ್ತು ದಾಟಿದ ಅವರಿಗೆ ತವರಿನಲ್ಲಿ ಯಾರೂ ಉಳಿದಿರಲಿಲ್ಲ.

ಬುಟ್ಟಿಯ ಮುಚ್ಚಳ ಬಿಗಿದು, ಮೇಲೆ ಹಸಿ ಗೋಣಿ ಹೊದಿಸಿ ಮುತ್ಯಾ ಕಲಿಸಿಕೊಟ್ಟ. "ಗಾಳಿ ಒಣಗಿದರ ಪೊರಿ ಮೈಗಿ ಹತ್ತಿಬಿಡ್ತೈತಿ. ಭಾಳ ನೀರಾದರ ಮೈ ಕೊಳೀತೈತಿ. ಗೋಣಿ ಹಿಂಡಿದರ ಹನಿ ಬೀಳಬಾರದು, ಮುಟ್ಟಿದರ ತಂಪ ಹತ್ತಬೇಕು. ಇಷ್ಟ ನೆಪ್ಪಿಟ್ಟಕೋ. ಮುಚ್ಚಳ ಮಾತ್ರ ತಗೀಬ್ಯಾಡ."

ಬಚ್ಚಲ ಹಿಂದೆ ಒಂದು ಸಂದಿ ಇತ್ತು. ಜಳಕದ ನೀರು ಹರಿದುಹೋಗುವ ಜಾಗ. ನೆಲ ಯಾವಾಗಲೂ ಹಸಿ, ಗೋಡೆಯೂ ಹಸಿ. ಬುಟ್ಟಿಯನ್ನು ಆ ಗೋಡೆಗೇ ಒತ್ತಿ ಇಟ್ಟೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ. ನಸುಕಿನಲ್ಲಿ, ಮಧ್ಯಾಹ್ನ, ದೀಪ ಹಚ್ಚುವ ಹೊತ್ತಿನಲ್ಲಿ ಹೋಗಿ ಗೋಣಿ ಮುಟ್ಟಿ ನೋಡುವುದು, ಬೇಕಾದಷ್ಟೇ ನೀರು ಚಿಮುಕಿಸುವುದು. ಒಳಗಿನಿಂದ ಸರ್ ಎಂಬ ಸಪ್ಪಳ ಬಂದರೆ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದೆ. ಆದರೂ ಮೂರು ದಿನ ಒಂದು ಸಲವೂ ತಪ್ಪಿಸಲಿಲ್ಲ.

ನಾಲ್ಕನೆಯ ದಿನ ನಾಗರ ಅಮಾವಾಸ್ಯೆ. ಇಂಡಿಯಿಂದ ನಾದಿನಿ ಮೂವರು ಮಕ್ಕಳನ್ನು ಕರೆದುಕೊಂಡು ಹಬ್ಬಕ್ಕೆ ಬಂದಿದ್ದಳು. ಅವಳಿಗೆ ಹಾವಿನ ಸುದ್ದಿ ಹೇಳಬೇಡ ಎಂದು ಅತ್ತೆ ಮೊದಲೇ ತಾಕೀತು ಮಾಡಿದ್ದರು. ಹೇಳಿದರೆ ಬಂದ ಬಸ್ಸಿಗೇ ತಿರುಗಿ ಹೋಗುವವಳು. ಅಮಾವಾಸ್ಯೆ ಎಂದ ಮೇಲೆ ಮನೆಮಂದಿಗೆಲ್ಲ ತಲೆಗೆ ಎಣ್ಣೆ, ಜಳಕ. ನಾನು ನಸುಕಿನಲ್ಲೇ ಗೋಣಿಗೆ ನೀರು ಚಿಮುಕಿಸಿ ಬಂದು, ಹಂಡೆಯ ಕೆಳಗೆ ತೊಗರಿಕಟ್ಟಿಗೆ ತುಂಬಿ ಒಲೆ ಹೊತ್ತಿಸಿದೆ. ನೀರು ಕಾದಿದೆ ಎಂದರೆ ನಾದಿನಿ ಬೆರಳು ಅದ್ದಿ ಮೂಗು ಮುರಿದಳು. "ಏನ ಮುದ್ದೇಬಿಹಾಳದಾಕಿ, ನಿಮ್ಮೂರಾಗ ಉಗುರಬೆಚ್ಚಗಿನ ನೀರಾಗ ಹಬ್ಬಾ ಮಾಡ್ತಾರೇನು?" ನನಗೂ ರೋಷ ಬಂತು. ಇನ್ನಷ್ಟು ಕಟ್ಟಿಗೆ ತುರುಕಿದೆ. ಒಬ್ಬರಾದ ಮೇಲೆ ಒಬ್ಬರ ಜಳಕ ಮುಗಿಯುವಾಗ ಹೊತ್ತು ನೆತ್ತಿಗೆ ಬಂದಿತ್ತು.

ಆಮೇಲೆ ನೀರಿನ ಚೆರಗಿ ಹಿಡಿದು ಸಂದಿಗೆ ಹೋದೆ. ಗೋಣಿ ಹಪ್ಪಳದಂತೆ ಸೆಟೆದು ನಿಂತಿತ್ತು. ಇದೇಕೆ ಹೀಗೆ ಎಂದು ಗೋಡೆಗೆ ಕೈ ಊರಿದರೆ ಕಾದ ಹಂಚು! ಹಂಡೆಯ ಒಲೆ ಕಟ್ಟಿದ್ದು ಅದೇ ಗೋಡೆಗೆ. ದಿನಾ ಉರಿಯುವ ಅರ್ಧ ಗಂಟೆಯ ಬೆಂಕಿಗೆ ಏನೂ ಆಗುತ್ತಿರಲಿಲ್ಲ. ಅಮಾವಾಸ್ಯೆಯ ಬೆಂಕಿಯ ಲೆಕ್ಕ ನನ್ನ ತಲೆಗೆ ಹೊಳೆದೇ ಇರಲಿಲ್ಲ. ಬುಟ್ಟಿಯೊಳಗೆ ಹಾವು ಬಿಡುವಿಲ್ಲದೆ ಮೈ ಉಜ್ಜುತ್ತಿತ್ತು, ಒಣ ಎಲೆಯ ಮೇಲೆ ಯಾರೋ ಓಡಾಡಿದಂತೆ...

ಬುಟ್ಟಿಯನ್ನು ಎಳೆದು ದೂರ ಸರಿಸಿದೆ. ಗೋಣಿ ತೋಯಿಸಿ, ಹಿಂಡಿ, ಹೊದಿಸಿದೆ. ಸಪ್ಪಳ ನಿಲ್ಲಲಿಲ್ಲ. ಹೊರಗೆ ನಾದಿನಿಯ ಮಕ್ಕಳು ಹೋಳಿಗೆಗಾಗಿ ಜಗಳವಾಡುತ್ತಿದ್ದರು. ನಾನು ಮತ್ತೆ ಮತ್ತೆ ಸಂದಿಗೆ ಹೋಗಿ ಗೋಣಿ ಮುಟ್ಟಿ ಬಂದೆ.

ಮರುದಿನ ಮೊದಲ ಬಸ್ಸಿಗೆ ಮುತ್ಯಾ ಬಂದ. "ಹೆಣ್ಣು ಹುಟ್ಟೈತಿ, ಇಬ್ಬರೂ ಆರಾಮ ಅದಾರ" ಎಂದವನು ನನ್ನ ಮುಖ ನೋಡಿ ನಗು ನಿಲ್ಲಿಸಿದ. ಮುಚ್ಚಳ ತೆಗೆದ. ಪೊರೆ ಒಂದೇ ಚೀಲವಾಗಿ ಕಳಚಿರಲಿಲ್ಲ. ಚೂರು ಚೂರಾಗಿ ಹರಿದು, ಮೈಗೆ ಅಲ್ಲಲ್ಲಿ ಅಂಟಿಕೊಂಡಿತ್ತು. ಬುಟ್ಟಿ ಮೊದಲು ಇಟ್ಟಿದ್ದ ಜಾಗ ತೋರಿಸಿದೆ, ಅವನು ಎದ್ದು ಹೋಗಿ ಗೋಡೆಗೆ ಕೈ ಇಟ್ಟ.

"ಒಲಿ ಎಷ್ಟೊತ್ತು ಉರೀತು?"

"ಮಧ್ಯಾಹ್ನದ ತನಕ, ಮುತ್ಯಾ."

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗೋಣಿಯನ್ನು ತೋಯಿಸಿ ಹಿಂಡಿ ಎರಡು ಮಡಿಕೆ ಮಾಡಿದ. "ಈ ತುದಿ ನೀ ಹಿಡಿ. ಗಟ್ಟ್ಯಾಗಿ ಹಿಡಿ, ಉಸರ ಮಾತ್ರ ಮೆಲ್ಲಕ ಬಿಡು." ಹಾವಿನ ಬಾಲ ಅವನ ಕೈಯಲ್ಲಿ. ತಲೆ ಗೋಣಿಯ ಮಡಿಕೆಯೊಳಗೆ ಹೊಕ್ಕು ನನ್ನ ಕಡೆಗೆ ಬರತೊಡಗಿತು. ಹಲ್ಲಿರುವ ಹಾವು. ಒದ್ದೆ ಬಟ್ಟೆಯ ಕೆಳಗೆ ಅದರ ಭಾರ ನನ್ನ ಬೆರಳುಗಳ ಪಕ್ಕದಲ್ಲೇ ಸರಿಯುವುದು ಗೊತ್ತಾಗುತ್ತಿತ್ತು. ತಲೆ ಹೊರಗೆ ಬಂತು, ಹೆಡೆ ಅರಳಿತು, ನನ್ನ ಮೊಣಕೈಗೆ ಒಂದು ಗೇಣು ದೂರ. ಮುತ್ಯಾ ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡ. ಮತ್ತೆ ಹಾಯಿಸಿದ. ಹೀಗೆ ಐದು ಸಲ. ಪೊರೆಯ ಚೂರುಗಳೆಲ್ಲ ಗೋಣಿಗೆ ಅಂಟಿ ಉಳಿದವು, ಮೈ ಹೊಸ ರೇಷ್ಮೆಯಂತೆ ಹೊಳೆಯಿತು. ಬಲಗಣ್ಣು ಕರಿಮಣಿಯ ಹಾಗೆ ತಿಳಿಯಾಗಿತ್ತು. ಎಡಗಣ್ಣ ಮೇಲೆ ಮಾತ್ರ ಹಳೆಯ ಪೊರೆ ಸುಕ್ಕುಗಟ್ಟಿ ಕೂತಿತ್ತು.

"ಉಗುರಲೆ ತಗೀಲಿಕ್ಕೆ ಬರಂಗಿಲ್ಲೇನು ಮುತ್ಯಾ?"

"ಕಿತ್ತರ ಕಣ್ಣೇ ಕಿತ್ತ ಬರ್ತೈತಿ. ಮುಂದಿನ ಪೊರಿ ಜೋಡಿ ಹೋದರ ಹೋಗ್ಬೇಕು, ಇಲ್ಲಂದ್ರ ಇಲ್ಲ."

"ಮತ್ತ ನೀ ಕೊಟ್ಟ ಭಾಷಿ?"

ಅವನು ಹಾವನ್ನು ಬುಟ್ಟಿಗೆ ಇಳಿಸಿ ಮುಚ್ಚಳ ಬಿಗಿದ. "ಕುಡ್ಡಗಣ್ಣಲೆ ಬಿಟ್ಟರ ಮುಂಗಸಿ ಬಾಯಾಗ ಕೊಟ್ಟಂಗ. ಇಟಗೊಂಡರ ಭಾಷಿ ತಪ್ಪಿದಂಗ. ಇಟಗೋತೇನಿ... ಆದ್ರ ಇನ್ನ ಇದು ನನಗ ದುಡಿಯಾಂಗಿಲ್ಲ. ಬೀಗರ ಬಂದಂಗ ತಿಳ್ಕೋತೇನಿ."

ಪಂಚಮಿಯ ದಿನ ಓಣಿಯ ಹೆಂಗಸರು ಹಾಲು, ಜೋಳದ ಅರಳು ಹಿಡಿದು ಅವನ ಗುಡಿಸಲಿಗೆ ಹೋದರು. ವರ್ಷದಲ್ಲಿ ಅವನ ಜೋಳಿಗೆ ತುಂಬುವ ದಿನ ಅದೊಂದೇ. ಮುತ್ಯಾ ಬುಟ್ಟಿ ತೆರೆಯಲಿಲ್ಲ, ಪುಂಗಿ ಊದಲಿಲ್ಲ. "ಹುತ್ತಕ್ಕ ಹೋಗ್ರೆವ್ವಾ" ಎಂದು ಎಲ್ಲರನ್ನೂ ತಿರುಗಿಸಿ ಕಳಿಸಿದ. ಸಂಜೆ ನಾನು ಎರಡು ರೊಟ್ಟಿ, ಪಲ್ಯ ಕೊಟ್ಟುಬಂದೆ. ನನ್ನ ತಪ್ಪಿಗೆ ಅವನು ಉಪವಾಸ ಕೂತದ್ದು ನೋಡಲಾಗಲಿಲ್ಲ.

ಆ ವಾರವೇ ಗುಡಿಸಲು ಕಿತ್ತು ಭೀಮಾ ದಂಡೆಯ ಕಡೆ ಹೊರಟ. ಹಿಡಿದ ಜಾಗದ ಹತ್ತಿರವೇ ಇದ್ದು ಮುಂದಿನ ಪೊರೆಗೆ ಕಾಯುತ್ತೇನೆ ಎಂದ. "ಕಣ್ಣ ತೆರದ ದಿನ ಬಂದು ಹೇಳ್ತೇನಿ ಯವ್ವಾ" ಎಂದೂ ಅಂದ.

ಬರಲಿಲ್ಲ. ದಸರೆಗೆ ದಾರಿ ನೋಡಿದೆ, ದೀಪಾವಳಿಗೂ ನೋಡಿದೆ. ನಾದಿನಿ ಇಂಡಿಯಿಂದ ಬಂದಾಗಲೆಲ್ಲ ಕೇಳಿದೆ. ಅವಳಿಗೇನು ಗೊತ್ತು, ನಕ್ಕಳು. ಆ ಕಣ್ಣು ತೆರೆಯಿತೋ ಇಲ್ಲವೋ, ಹಾವನ್ನು ಬಿಟ್ಟನೋ, ಬಿಡುವ ಮೊದಲೇ ಮುತ್ಯಾನೇ ಹೋದನೋ... ಈಗ ಕೇಳೋಣವೆಂದರೆ ಅವನನ್ನು ಬಲ್ಲವರೂ ಉಳಿದಿಲ್ಲ. ಅತ್ತೆಯೂ ಇಲ್ಲ. ಹಂಡೆಯ ಒಲೆ ಕಿತ್ತಿಸಿ ಬಹಳ ವರ್ಷಗಳಾದವು. ಆ ಸಂದಿ ಮಾತ್ರ ಈಗಲೂ ಇದೆ.

ರಾತ್ರಿ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾಚಟ್ನಿ, ಮಜ್ಜಿಗೆ ಉಂಡೆವು. ನಮ್ಮವರು ಕೈ ತೊಳೆದವರೇ ಹೋಗಿ ಮಲಗಿದರು. ನಾನು ಅಡಿಗೆಮನೆಗೆ ಹೋಗಿ ಮಡಿಕೆಕಾಳಿನ ಮೇಲಿನ ಗೋಣಿ ಮುಟ್ಟಿ ನೋಡಿದೆ. ತಂಪಾಗಿತ್ತು. ಆಮೇಲೆ ಮಲಗಿದೆ.