ಕೂದಲಣ್ಣನ ಸ್ವಂತ ಲೇಥ್

ತಲೆಯ ಮೇಲೆ ಒಂದೇ ಒಂದು ಕೂದಲಿಲ್ಲದ ಆ ಟರ್ನರನನ್ನು ಇಡೀ ವರ್ಕ್‌ಶಾಪು ಕೂದಲಣ್ಣ ಎಂದೇ ಕರೆಯುತ್ತಿತ್ತು. ಲೇಥಿನಲ್ಲಿ ತಿರುಗುವ ಕಬ್ಬಿಣವನ್ನು ಸವರುವಾಗ ‘ಇನ್ನೊಂದು ಕೂದಲೆಳೆಯಷ್ಟು’ ಎನ್ನದೆ ಅವನು ಕೆಲಸ ಮುಗಿಸಿದ್ದೇ ಇಲ್ಲ. ಇಪ್ಪತ್ತೆಂಟು ವರ್ಷ ಒಂದೇ ಲೇಥು, ಒಂದೇ ಕಿಟಕಿ. ಈಗ ವರ್ಕ್‌ಶಾಪು ಮುಚ್ಚುತ್ತಿತ್ತು. ಐವತ್ತಾರು ದಾಟಿದವನನ್ನು ಇನ್ನೊಬ್ಬರು ಕೆಲಸಕ್ಕೆ ಕರೆಯುವುದು ಕನಸಿನ ಮಾತು. ಮನೆಯ ಹಿಂದಿನ ಕೋಣೆಗೆ ಸಣ್ಣದೊಂದು ಲೇಥು ತಂದು ಸ್ವಂತ ಕೆಲಸ ಮಾಡಬೇಕು, ಇಲ್ಲವಾದರೆ ಕೈಕಟ್ಟಿ ಕೂರಬೇಕು. ಕೈಕಟ್ಟಿ ಕೂರುವುದು ಅವನ ಜಾಯಮಾನದಲ್ಲೇ ಇರಲಿಲ್ಲ.

ಹೊಸಬರು ಇದ್ದಬದ್ದ ಹಣವನ್ನೆಲ್ಲ ಲೇಥಿಗೇ ಸುರಿದು, ಆಮೇಲೆ ಟೂಲಿಗೆ ಗತಿಯಿಲ್ಲದೆ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಇವನು ಮೊದಲೇ ಕತ್ತರಿಸುವ ಟೂಲುಗಳು, ಅವಕ್ಕೆ ಸಾಣೆಕಲ್ಲು, ದಪ್ಪ ಅಳೆಯುವ ಮೈಕ್ರೋಮೀಟರು ಎಲ್ಲ ತಂದು ಅಡುಗೆಮನೆಯ ಮೂಲೆಯಲ್ಲಿ ಜೋಡಿಸಿದ. ಕಬ್ಬಿಣವನ್ನು ಕಚ್ಚಿ ಹಿಡಿದು ತಿರುಗಿಸುವ ಚಕ್ಕನ್ನು ಮಾತ್ರ ಲೇಥು ನೋಡಿಕೊಂಡೇ ಕೊಳ್ಳಬೇಕೆಂದು ಬಿಟ್ಟ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ಹೆಂಡತಿ ನಕ್ಕಳು.

ಅಷ್ಟರಲ್ಲಿ ಯಜಮಾನರು ಅವನ ಹಳೆಯ ಲೇಥಿಗೇ ಬಣ್ಣ ಬಳಿಸಿ, ಗುಜರಿ ಬೆಲೆಗೆ ತೆಗೆದುಕೊಂಡು ಹೋಗೆಂದರು. ಅವನು ಆನಂದಬಾಷ್ಪ ಸುರಿಸುತ್ತಾನೆಂದು ಎಲ್ಲರೂ ಕಾದರು. ಅವನೋ, ಟೂಲು ಹೊತ್ತು ಉದ್ದನೆಯ ಬೆಡ್ಡಿನ ಮೇಲೆ ಓಡಾಡುವ ಸ್ಯಾಡಲನ್ನು ಚಕ್ಕಿನ ಹತ್ತಿರ ಬಿಗಿ ಮಾಡಿ ಇನ್ನೊಂದು ತುದಿಗೆ ನೂಕಿದ. ಅರ್ಧ ದಾರಿಯಲ್ಲೇ ಅದು ಕಚ್ಚಿಕೊಂಡು ನಿಂತಿತು.

“ಬೇಡ ಯಜಮಾನ್ರೇ. ಚಕ್ಕಿನ ಹತ್ರ ಬೆಡ್ಡು ಸವೆದಿದೆ, ಅಲ್ಲಿಗೆ ಬಿಗಿ ಮಾಡಿದ್ರೆ ಸವೆಯದ ಕಡೆ ಕಚ್ಚುತ್ತೆ,” ಎಂದ. “ಸವೆಸಿದ್ದು ನಾನೇ.”

ಯಜಮಾನರ ಮುಖ ಸಣ್ಣದಾಯಿತು. ಉಂಡ ಮನೆಯ ಜಂತೆ ಎಣಿಸುವವನು ಎಂದು ಬೆನ್ನ ಹಿಂದೆ ಯಾರೋ ಅಂದರು. ಅವನಿಗೂ ನೋವಾಯಿತು. ಆದರೆ ಸವೆದ ಬೆಡ್ಡಿನ ಮೇಲೆ ಹೊಸ ಬದುಕು ಕಟ್ಟಲಾದೀತೇ?

ಎರಡು ವಾರ ಅಲೆದು ಇನ್ನೊಂದನ್ನು ಹಿಡಿದ. ಬಣ್ಣ ಎದ್ದ, ನೋಡಲು ಲಕ್ಷಣವಿಲ್ಲದ ಲೇಥು. ಸ್ಯಾಡಲು ಮಾತ್ರ ಈ ತುದಿಯಿಂದ ಆ ತುದಿಗೆ ಒಂದೇ ಬಿಗಿಯಲ್ಲಿ ಸಾಗಿತು. ಅದಕ್ಕೆ ಒಪ್ಪುವ ಚಕ್ಕು ತಂದು, ಲೇಥನ್ನು ಹಿಂದಿನ ಕೋಣೆಯಲ್ಲಿ ಮಟ್ಟ ನೋಡಿ ಕೂರಿಸಿದ. ಪಕ್ಕದ ಬೀದಿಯ ಹೊಲಿಗೆ ಮೆಷಿನ್ ರಿಪೇರಿಯವನು ಹನ್ನೆರಡು ಪಿನ್ನು ಮಾಡಿಕೊಡಲು ಹೇಳಿದ. ಸರಿಬಂದರೆ ಮುಂದೆ ಎಲ್ಲ ಕೆಲಸವೂ ಇವನಿಗೇ ಎಂದ.

ಮೊದಲ ಪಿನ್ನು ಚಕ್ಕಿನ ಕಡೆ ಒಂದು ಕೂದಲೆಳೆ ಸಣ್ಣ. ಎರಡನೆಯದೂ ಹಾಗೇ, ಮೂರನೆಯದೂ. ಮತ್ತೆ ಬೆಡ್ಡು ನೋಡಿದ, ದೋಷವಿಲ್ಲ.

ಬಾಗಿಲಲ್ಲಿ ಕಾಳು ಆರಿಸುತ್ತಿದ್ದ ಹೆಂಡತಿ ತಲೆಯೆತ್ತಿದಳು. “ರೀ, ಚಕ್ಕಿನ ಹತ್ರ ಬಂದ ಕೂಡ್ಲೆ ನಿಮ್ಮ ಬಲಗೈ ಆ ಹಿಡಿನ ಒಂಚೂರು ತಿರುಗಿಸ್ತಿದೆ. ಮೂರು ಸಲಾನೂ ನೋಡಿದೆ.”

ಅವನು ತನ್ನ ಕೈಯನ್ನೇ ನೋಡಿಕೊಂಡ. ಹಳೆಯ ಲೇಥಿನಲ್ಲಿ ಬೆಡ್ಡು ಸವೆದ ಕಡೆ ಪಿನ್ನು ದಪ್ಪ ಉಳಿಯುತ್ತಿತ್ತು. ಅದನ್ನು ಸರಿದೂಗಿಸಲು ಅಲ್ಲಿ ಹಿಡಿ ತಿರುಗಿಸಿ ಟೂಲನ್ನು ಒಂದಿಷ್ಟು ಒಳಗೆ ಕೊಡುವುದನ್ನು ಕೈ ಅವನಿಗೂ ಹೇಳದೆ ಕಲಿತುಬಿಟ್ಟಿತ್ತು. ಲೇಥನ್ನು ಬಿಟ್ಟು ಬಂದಿದ್ದ, ಅದರ ಸವೆತವನ್ನು ಮನೆಗೆ ತಂದಿದ್ದ. ಈ ವಯಸ್ಸಿನಲ್ಲಿ ಕೈಗೆ ಬುದ್ಧಿ ಹೇಳುವುದು ಹೇಗೆಂದು ಅವನಿಗೆ ಭಯವಾಯಿತು.

“ಸ್ವಲ್ಪ ಹಿಡ್ಕೋ ಇದನ್ನ,” ಎಂದ.

ಅವಳು ಸೆರಗಿಗೆ ಕೈ ಒರೆಸಿಕೊಂಡು ಬಂದು ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು. ನಾಲ್ಕನೆಯ ಪಿನ್ನು ತಿರುಗಿತು. ಟೂಲು ಚಕ್ಕಿನ ಹತ್ತಿರ ಬಂದಾಗ ಅವಳ ಹಿಡಿತದೊಳಗೆ ಕೈ ಮಿಸುಕಿತು. ಅವಳು ಬಿಡಲಿಲ್ಲ.

ಯಂತ್ರ ನಿಲ್ಲಿಸಿ ಮೈಕ್ರೋಮೀಟರು ಹಿಡಿದ. ಎರಡೂ ತುದಿ ಒಂದೇ ಅಳತೆ.