ಜ್ಞಾನಮ್ಮಕ್ಕನ ಪಾವಂ

ಮೊನ್ನೆ ದೇವಸ್ಥಾನದ ಮುಂದೆ ಚಪ್ಪಲಿ ಬಿಟ್ಟಾಗ ಅಲ್ಲಿನ ಹೆಂಗಸು ನನ್ನ ಕೈಗೊಂದು ಹಿತ್ತಾಳೆ ಬಿಲ್ಲೆ ಕೊಟ್ಟಳು. ಪ್ರದಕ್ಷಿಣೆ ಮುಗಿಯುವಷ್ಟರಲ್ಲಿ ಅಂಗೈ ಬೆವತು ಹಿತ್ತಾಳೆಯ ವಾಸನೆ ಹಿಡಿದಿತ್ತು. ಕೈ ಮುಗಿದರೆ ಮೂಗಿಗೆ ಬಂದದ್ದು ಕರ್ಪೂರವಲ್ಲ, ಕೋಲಾರದ ಚಿನ್ನದ ಗಣಿಯ ಟೈಮಾಫೀಸು. ಅದರ ಹಿಂದೆಯೇ ಜ್ಞಾನಮ್ಮಕ್ಕ. ಆಕೆಯನ್ನು ನೆನೆದರೆ ಈ ವಯಸ್ಸಿನಲ್ಲೂ ನನಗೆ ಮೈ ಉರಿಯುತ್ತದೆ. ಯಾಕೆಂದು ಹೇಳುತ್ತೇನೆ, ನೀವೇ ನ್ಯಾಯ ಹೇಳಿ.

ಐವತ್ತರ ದಶಕದ ಕೊನೆ. ಕ್ಯಾಸಂಬಳ್ಳಿ ಕಡೆಯ ರಾಗಿ ಹೊಲದಿಂದ ಎದ್ದು ಬಂದು ಗಣಿಯಲ್ಲಿ ಗುಮಾಸ್ತನಾಗಿದ್ದೆ. ಇಪ್ಪತ್ತೆರಡು ವರ್ಷ, ತಲೆ ತುಂಬ ಎಣ್ಣೆ, ಜೇಬಿನಲ್ಲಿ ಪೆನ್ನು, ಜೊತೆಗೆ ಲೋಕದ ಸರಿತಪ್ಪುಗಳೆಲ್ಲ ನನಗೆ ಗೊತ್ತೆಂಬ ಧೈರ್ಯ. ಗಣಿಗೆ ಇಳಿಯುವವನು ತನ್ನ ನಂಬರಿನ ಬಿಲ್ಲೆಯನ್ನು ಕಿಟಕಿಯಲ್ಲಿ ಹಾಕಬೇಕು. ನಾನು ಅದನ್ನು ಹಲಗೆಯ ಮೊಳೆಗೆ ನೇತುಹಾಕಬೇಕು; ಹಾಜರಿ, ಕೂಲಿ ಎಲ್ಲ ಅದರ ಲೆಕ್ಕವೇ. ಕೆಳಗೆ ಬಂಡೆ ಸಿಡಿದರೆ ಯಾರನ್ನು ಹುಡುಕಬೇಕೆಂದು ಹೇಳುವುದು ಆ ಹಲಗೆಯೇ. ಆದ್ದರಿಂದ ಅದು ಸುಳ್ಳು ಹೇಳಕೂಡದು.

ಊಟ ಜ್ಞಾನಮ್ಮಕ್ಕನ ಮನೆಯಲ್ಲಿ. ಅವರು ತಮಿಳು ಕ್ರೈಸ್ತರು; ಗಂಡನಿಗೆ ಗಣಿಯೊಳಗೆ ಕೆಲಸ. ನಾನು ಎಲ್ಲಿ ಉಣ್ಣುತ್ತೇನೆಂದು ಊರಲ್ಲಿ ಅಮ್ಮನಿಗೆ ಹೇಳಿರಲಿಲ್ಲ. ಆ ಸುಳ್ಳು ಮಾತ್ರ ನನ್ನ ಸರಿತಪ್ಪಿನ ಲೆಕ್ಕಕ್ಕೆ ಬರುತ್ತಿರಲಿಲ್ಲ. ಆಕೆಯ ಹೆಸರೇನೋ ಜ್ಞಾನ, ಬಾಯಿಬಿಟ್ಟರೆ “ನಮಗೇನು ತೆರಿಯುಂ ತಂಬಿ, ಆಂಡವರಿಗೇ ಗೊತ್ತು.” ಯಾರೋ ಕುಡಿದು ಹೆಂಡತಿಯನ್ನು ಹೊಡೆದ, ಯಾರೋ ಯಾರ ಜೊತೆಗೋ ಓಡಿಹೋದಳು, ಏನು ಕೇಳಿದರೂ ತನಗೆ ಗೊತ್ತಿಲ್ಲ, ದೇವರಿಗೇ ಗೊತ್ತು ಎಂಬ ಅದೇ ಉತ್ತರ. ಒಂದು ಸಲ ರೇಗಿ, “ಒಳ್ಳೇದ್ಯಾವ್ದು ಕೆಟ್ಟದ್ಯಾವ್ದು ಅಂತ ಅಷ್ಟೂ ಗೊತ್ತಾಗಲ್ವೇನಕ್ಕ?” ಎಂದೆ.

“ಆ ಮೊದ್ಲನೇ ಎಂಗಸು ಅಣ್ಣು ತಿಂದ್ಳಲ್ಲ ತಂಬಿ, ಎಲ್ಲಾ ತಿಳೀತದೆ ಅಂತ. ಏನ್ ತಿಳೀತು? ಬೆತ್ಲೆ ಇದೀವಿ ಅಂತ ತಿಳೀತು. ಅಷ್ಟೇ.”

ನಾನು ಇನ್ನೊಂದು ಸೌಟು ಸಾರು ಹಾಕಿಸಿಕೊಂಡೆ.

ಪಕ್ಕದ ಮನೆ ಆರೋಗ್ಯಸ್ವಾಮಿಯದು. ಹೆಸರು ಹಾಗಿದ್ದರೂ ಎದೆ ತುಂಬ ಕಲ್ಲಿನ ಧೂಳು. ಒಂದು ಮಧ್ಯಾಹ್ನ ಊಟಕ್ಕೆ ಹೋದಾಗ ಅವನು ಜಗಲಿಯ ಮೇಲೆ ಕೆಮ್ಮುತ್ತ ಮಲಗಿದ್ದ. ಅವನ ಬಿಲ್ಲೆ ಅದೇ ಹೊತ್ತಿಗೆ ನನ್ನ ಹಲಗೆಯಲ್ಲಿ ನೇತಾಡುತ್ತಿತ್ತು. ಬೆಳಿಗ್ಗೆ ಯಾರೋ ತಮ್ಮದರ ಜೊತೆ ಅವನದನ್ನೂ ಹಾಕಿದ್ದರು. ನಾನು ಹೊಟ್ಟೆ ತುಂಬ ಉಂಡು, ಕೈ ತೊಳೆದು, ಹೋಗಿ ವರದಿ ಬರೆದೆ.

ವಿಚಾರಣೆಯಲ್ಲಿ ಆರೋಗ್ಯಸ್ವಾಮಿ ಬಿಲ್ಲೆ ಹಾಕಿದವನ ಹೆಸರು ಹೇಳಲಿಲ್ಲ. ಕೆಲಸ ಹೋಯಿತು, ಅದರ ಜೊತೆ ಗಣಿಯವರು ಕೊಟ್ಟ ಮನೆಯೂ ಹೋಯಿತು. ಹೆಂಡತಿ ಮಕ್ಕಳನ್ನೂ ಪಾತ್ರೆಪಡಗವನ್ನೂ ಗಾಡಿಗೆ ಹತ್ತಿಸಿಕೊಂಡು ಬಂಗಾರಪೇಟೆ ಕಡೆ ಹೊರಟ. ನಾನು ಮಾಡಿದ್ದು ಸರಿ. ಸರಿಯಲ್ಲವೇ? ಆದರೂ ಜ್ಞಾನಮ್ಮಕ್ಕ ಬಡಿಸಿದ ಅನ್ನವನ್ನು ಕಲಸುತ್ತಲೇ ಕೂತಿದ್ದೆ. ಯಾರಾದರೊಬ್ಬರು ಒಂದು ಮಾತು ಹೇಳಿಬಿಟ್ಟಿದ್ದರೆ ಸಾಕಿತ್ತು.

“ಅಕ್ಕ, ನಾನ್ ಮಾಡಿದ್ದು ಸರೀನಾ, ತಪ್ಪಾ? ಒಂದ್ ಮಾತು ಏಳ್ಬುಡಕ್ಕ.”

ಆಕೆ ಒಲೆ ಊದುತ್ತಿದ್ದಳು. ತಿರುಗಿ ಕೂಡ ನೋಡದೆ, “ಪಾವಂ, ತಂಬಿ” ಎಂದಳು.

ಕನ್ನಡದ ಪಾಪ, ತೆಲುಗಿನ ಪಾಪಂ, ತಮಿಳಿನ ಪಾವಂ. ನಮ್ಮ ಊರಿನ ಮೂರು ಭಾಷೆಯವರೂ ಜಗಳವಿಲ್ಲದೆ ಹಂಚಿಕೊಂಡ ಪದ. ಮೂರೂ ಬಲ್ಲ ನನಗೆ ತೀರ್ಪು ಅರ್ಥವಾಗದೆ ಇರುತ್ತದೆಯೇ? ಕುಡುಕನಿಗೆ, ಓಡಿಹೋದವಳಿಗೆ, ಯಾರಿಗೂ ಕೊಡದ ತೀರ್ಪನ್ನು ನನಗೊಬ್ಬನಿಗೆ ಕೊಟ್ಟಳಲ್ಲ! ಮರುದಿನದಿಂದ ಅಲ್ಲಿಗೆ ಹೋಗುವುದನ್ನೇ ಬಿಟ್ಟೆ. ರಾಬರ್ಟ್‌ಸನ್‌ಪೇಟೆಯ ಹೋಟೆಲಿನ ತಣ್ಣನೆಯ ಸಾಂಬಾರನ್ನು ವರ್ಷಗಟ್ಟಲೆ ಸಿಟ್ಟಿನಿಂದಲೇ ತಿಂದೆ.

ಆರೇಳು ವರ್ಷದ ಮೇಲೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಆಕೆ ಸಿಕ್ಕಳು. ಆರೋಗ್ಯಸ್ವಾಮಿ ತೀರಿಕೊಂಡಿದ್ದ, ಅವನ ಹೆಂಡತಿಯನ್ನು ಮಾತಾಡಿಸಿಕೊಂಡು ವಾಪಸು ಹೊರಟಿದ್ದಳು. ಚೆನ್ನಾಗಿದ್ದೀಯಾ ಎಂದು ಕೂಡ ಕೇಳದೆ ನಾನು ಶುರುಮಾಡಿದೆ:

“ಅವತ್ತು ಪಾವಂ ಅಂದ್ಯಲ್ಲಕ್ಕ, ಯಾವ ಪಾವಂ? ಪಾಪ ಮಾಡ್ದೆ ಅಂತಾನಾ, ಅಯ್ಯೋ ಪಾಪ ಅಂತಾನಾ?”

“ಅದು ಎರಡಾ ತಂಬಿ?”

ತಲೆ ಚಚ್ಚಿಕೊಳ್ಳುವಂತಾಯಿತು. “ಸರಿಯಾಗಿ ಏಳಕ್ಕ! ಯಾರು ಪಾವಂ? ಅವನಾ, ನಾನಾ?”

ಆಕೆ ಕೈಯಲ್ಲಿದ್ದ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದಳು.

“ಆ ಬಿಲ್ಲೆ ಆಕಿದ್ದು ನಮ್ಮನೇವ್ರು. ಆಕಿ ಅಂತ ಏಳಿದ್ದು ನಾನು. ಆಕ್ದೆ ಇದ್ರೆ ಆ ಮಕ್ಳಿಗೆ ಮನೆ ಇಲ್ಲ. ಆಕಿದ್ರೆ ಸುಳ್ಳು. ಅವತ್ತು ಒಲೆ ಮುಂದೆ ನಿನ್ನ ಅಂದೆನೋ, ಅವನ್ನ ಅಂದೆನೋ, ನನ್ನೇ ಅಂದ್ಕೊಂಡೆನೋ, ಇನ್ನೂ ತೆರಿಯಲ್ಲ ತಂಬಿ.”

ರೈಲು ಬಂತು, ಆಕೆ ಹತ್ತಿ ಹೋದಳು. ವರದಿ ಬರೆದ ಮೇಲೂ ಆಕೆ ನನಗೆ ಬಡಿಸಿದ್ದಳು ಎಂಬುದು ಆಗ ಹೊಳೆಯಿತು. ಎಲೆ ಬಿಟ್ಟು ಎದ್ದು ಹೋದವನು ನಾನು.

ಮೊನ್ನೆಯ ಮಾತಿಗೆ ಬರುತ್ತೇನೆ. ನಾನು ಪ್ರದಕ್ಷಿಣೆ ಮುಗಿಸಿ ಬಂದಾಗ ಚಪ್ಪಲಿಯ ಹೆಂಗಸಿನ ಮುಂದೆ ಒಬ್ಬಾಕೆ ಅಳುಮೋರೆ ಮಾಡಿಕೊಂಡು ನಿಂತಿದ್ದಳು. ಬಿಲ್ಲೆ ಎಲ್ಲೋ ಬಿದ್ದುಹೋಗಿದೆ, ಅಗೋ ಆ ಹೊಸ ಜೋಡು ತನ್ನದೇ ಎನ್ನುತ್ತಾಳೆ. ಚಪ್ಪಲಿಯ ಹೆಂಗಸು ನನ್ನ ಕಡೆ ತಿರುಗಿದಳು.

“ಬಿಲ್ಲೆ ಇಲ್ದೆ ಎಂಗ್ ಕೊಡ್ಲಿ? ನೀವೇ ಏಳಿ ಸಾರ್.”

ನನ್ನ ಬಾಯಿಂದ ಬಂದದ್ದು, “ಪಾಪ.”

“ಯಾರು ಸಾರ್?”

“ನಂಗೇನ್ ಗೊತ್ತಮ್ಮ!” ಎಂದು ರೇಗಿದೆ. ಆ ಉತ್ತರ ಯಾರದೆಂದು ಹೊಳೆದು ಇನ್ನಷ್ಟು ರೇಗಿತು. ನನ್ನ ಚಪ್ಪಲಿ ಮೆಟ್ಟಿಕೊಂಡವನು ಹೊರಡಲಿಲ್ಲ. ಮಧ್ಯಾಹ್ನ ಗುಡಿಯ ಬಾಗಿಲು ಹಾಕಿ, ಎಲ್ಲರೂ ತಮ್ಮ ತಮ್ಮ ಜೋಡು ತೆಗೆದುಕೊಂಡು ಹೋಗಿ, ಕೊನೆಗೆ ಉಳಿಯುವುದು ಯಾವುದೆಂದು ಕಾಯುತ್ತ, ಬಿಲ್ಲೆ ಕಳೆದುಕೊಂಡಾಕೆಯ ಜೊತೆ ಕಟ್ಟೆಯ ಮೇಲೆ ಕೂತೆ.