ತಾನಾಗಿ ಹೊರಬಂದ ಚೋಕು

ದೆವ್ವ, ಗಾಳಿ ಎನ್ನುವವರನ್ನು ಕಂಡರೆ ನಗುತ್ತಿದ್ದವನು ನಾನು. ಎಂಜಿನ್ ಬಿಚ್ಚಿ ಹುಡುಕಿದರೆ ಎಂಥ ತೊಂದರೆಗೂ ಒಂದು ಕಾರಣ ಸಿಕ್ಕೇ ಸಿಗುತ್ತದೆ ಎಂದು ನಂಬಿದ್ದೆ. ನೀವು ನಂಬುವುದು ಬಿಡುವುದು ನಿಮಗೆ ಸೇರಿದ್ದು, ನಡೆದದ್ದನ್ನಷ್ಟೇ ಹೇಳುತ್ತೇನೆ.

ಅದು ಯುದ್ಧದ ಕಾಲ. ನಾನು ಒಬ್ಬ ಎಂಜಿನಿಯರರ ಹಳೆಯ ವ್ಯಾನಿಗೆ ಡ್ರೈವರ್. ಅದರೊಳಗೆ ಮಂಚ, ಸ್ಟೌವು, ನೀರಿನ ಪೀಪಾಯಿ. ಸರ್ಕೀಟು ಹೊರಟರೆ ಅವರ ಮನೆಯೇ ಅದು. ಅವರಿಗೆ ನನ್ನನ್ನು ಕಂಡರಾಗದು, ನನಗೆ ಅವರನ್ನು.

ಒಂದು ಮಧ್ಯಾಹ್ನ ಬೆಳಕವಾಡಿ ಬಿಟ್ಟು ಮಳವಳ್ಳಿ ಕಡೆ ಬರುವಾಗ ವ್ಯಾನು ಕರಿಹೊಗೆ ಉಗುಳತೊಡಗಿತು. ಪೆಟ್ರೋಲಿನ ಘಾಟು ಬೇರೆ. ಎತ್ತು ಹೊಡೆದುಕೊಂಡು ಬರುತ್ತಿದ್ದವನೊಬ್ಬ, "ನಿನ್ ಒಗೆಗೆ ಎತ್ತು ಬೆದರ್ತವೆ, ಗಾಡಿ ಅತ್ಲಾಗ್ ತಗೀಲಾ!" ಎಂದು ಕೂಗಿದ. ನಿಲ್ಲಿಸಿ ಪ್ಲಗ್ಗು ಬಿಚ್ಚಿದೆ, ಮಸಿ ಮೆತ್ತಿತ್ತು. ಕಾರ್ಬುರೇಟರ್ ಬಿಚ್ಚಿದೆ, ದೋಷವಿರಲಿಲ್ಲ. ಕೊನೆಗೆ ಕಣ್ಣಿಗೆ ಬಿದ್ದದ್ದು ಚೋಕಿನ ಗುಂಡಿ. ತಣ್ಣಗಿರುವ ಎಂಜಿನ್ ಹೊರಡಿಸಲು ಮಾತ್ರ ಅದನ್ನು ಎಳೆಯಬೇಕು. ಎಳೆದಿಟ್ಟರೆ ಗಾಳಿ ಕಡಿಮೆಯಾಗಿ ಎಂಜಿನ್ ಸುಮ್ಮನೆ ಪೆಟ್ರೋಲ್ ಕುಡಿಯುತ್ತದೆ. ಈಗ ಅದು ಪೂರ್ತಿ ಹೊರಗೆ ಬಂದಿತ್ತು. ನಾನು ಮುಟ್ಟಿರಲಿಲ್ಲ. ಒಳಕ್ಕೆ ತಳ್ಳಿದೆ, ಹೊಗೆ ನಿಂತಿತು.

ಎರಡು ಮೈಲಿ ಹೋಗುವಷ್ಟರಲ್ಲಿ ಮತ್ತೆ ಹೊಗೆ, ಮತ್ತೆ ಗುಂಡಿ ಹೊರಗೆ.

"ಪೆಟ್ರೋಲಿಗೆ ರೇಷನ್ ಇರೋ ಕಾಲದಲ್ಲಿ ಹೀಗೆ ಸುರೀತೀಯಲ್ಲ! ಕದ್ದು ಮಾರಿದ್ದನ್ನ ಮುಚ್ಚಿಹಾಕೋಕೆ ಈ ಆಟ. ಮದ್ದೂರು ಬರಲಿ, ಪೊಲೀಸರಿಗೆ ಒಪ್ಪಿಸ್ತೀನಿ," ಎಂದರು ಪಕ್ಕದಲ್ಲೇ ಕೂತಿದ್ದ ಎಂಜಿನಿಯರು.

"ನಿಮ್ ಕೈ ಎಲ್ಲಿತ್ತೋ ನಾ ನೋಡ್ಲಿಲ್ಲ ಸ್ವಾಮಿ," ಎಂದೆ ನಾನೂ ಬಿರುಸಾಗಿ.

ಗುಂಡಿಯನ್ನು ಒಳಗೆ ತಳ್ಳಿ, ಕಬ್ಬಿಣದ ತಂತಿಯಿಂದ ಕಟ್ಟಿ, ಇಕ್ಕಳದಲ್ಲಿ ನಾಲ್ಕು ಸುತ್ತು ತಿರುಚಿ ಬಿಗಿದೆ. ಎಂಜಿನ್ ಓಡುತ್ತಿದ್ದ ಹಾಗೇ ಇಬ್ಬರೂ ಕೆಳಗಿಳಿದು, ಆ ಬಾಗಿಲಲ್ಲಿ ಅವರು, ಈ ಬಾಗಿಲಲ್ಲಿ ನಾನು, ಒಬ್ಬರ ಕೈಯನ್ನೊಬ್ಬರು ಕಾಯುತ್ತ ನಿಂತೆವು. ಒಳಗೆ ಯಾರೂ ಇಲ್ಲ. ತಂತಿ ನಿಧಾನವಾಗಿ, ಒಂದೊಂದೇ ಸುತ್ತು, ಬಿಚ್ಚಿಕೊಂಡಿತು. ಗುಂಡಿ ಯಾರೋ ಎಳೆದ ಹಾಗೆ ಹೊರಗೆ ಬಂತು. ಎಂಜಿನ್ ಕೆಮ್ಮಿ ಹೊಗೆ ಕಾರಿತು.

ಅವರ ಮುಖ ಬಿಳಿಚಿಕೊಂಡಿತ್ತು. "ನೀನೂ ನೋಡ್ದೆಯಲ್ಲ?" ಎಂದರು. ಅಷ್ಟು ಮೆತ್ತಗೆ ಅವರು ನನ್ನೊಡನೆ ಎಂದೂ ಮಾತಾಡಿರಲಿಲ್ಲ.

"ಏನ್ ಸ್ವಾಮಿ? ನಂಗೇನೂ ಕಾಣ್ಲಿಲ್ವಲ್ಲ," ಎಂದೆ.

ಅವರು ವ್ಯಾನು ಹತ್ತಲಿಲ್ಲ. ಹಿಂದೆ ಬಂದ ಎತ್ತಿನ ಗಾಡಿಯಲ್ಲಿ ಮಳವಳ್ಳಿಗೆ ಹೋದರು. ನಾನು ಚೋಕಿನ ಕೇಬಲ್ಲನ್ನೇ ಕತ್ತರಿಸಿ ಎಸೆದು ಮದ್ದೂರು ಸೇರಿದೆ. ಪೊಲೀಸರ ಮಾತು ಮತ್ತೆ ಬರಲಿಲ್ಲ. ಸ್ವಲ್ಪ ದಿನಕ್ಕೆ, ತಲೆ ಸರಿಯಿಲ್ಲವೆಂದು ತಾವೇ ರಜೆ ಬರೆದುಕೊಟ್ಟು ಅವರು ಊರಿಗೆ ಹೋದರಂತೆ.

ಆ ಗುಂಡಿ ಹೇಗೆ ಹೊರಬಂತೆಂದು ಎಷ್ಟೋ ಮೆಕ್ಯಾನಿಕ್ಕುಗಳನ್ನು ಕೇಳಿದ್ದೇನೆ. ಯಾರ ಉತ್ತರವೂ ಮನಸ್ಸಿಗೆ ಒಪ್ಪಿಲ್ಲ. 'ಕಂಡೆ' ಎಂದು ಒಂದು ಮಾತು ಹೇಳಲು ಆಗ ನನಗೇನಾಗಿತ್ತೋ, ಅದೂ ಇವತ್ತಿಗೂ ತಿಳಿದಿಲ್ಲ.